ಖೊಟ್ಟಿ ಹಲಗಿಗಳು

ನಮ್ಮ ಮನೆಯ ಅಟ್ಟದ ಮೇಲೆ ಮೂವತ್ತೊಂದು ಸ್ಕೇಟ್‌ಬೋರ್ಡ್‌ಗಳಿವೆ. ಒಂದೂ ಅಸಲಿ ಅಲ್ಲ. ಅಸಲಿ ಸಿಕ್ಕರೆ ನಾನು ಮುಟ್ಟುವುದೂ ಇಲ್ಲ. ನನಗೆ ಬೇಕಾದದ್ದು ಇಪ್ಪತ್ತು ಮೂವತ್ತು ವರ್ಷ ಹಳೆಯದಾದ, ಯಾವುದೋ ಪರದೇಶದ ಹೆಸರನ್ನು ತಪ್ಪಾಗಿ ಬರೆದುಕೊಂಡ, ನಾಲ್ಕು ದಿನಕ್ಕೆ ಮುರಿಯಲೆಂದೇ ಹುಟ್ಟಿದ ಖೊಟ್ಟಿ ಮಾಲು. ನಕಲಿ ಎನ್ನುವುದು ಪೇಪರಿನವರ ಮಾತು. ನಮ್ಮ ಕಡೆ ಖೊಟ್ಟಿ ಎನ್ನುತ್ತೇವೆ. ಹಾಗೆಂದರೆ ಬಾಯಿಗೆ ಸ್ವಲ್ಪ ಉಗುಳಿದ ಸಮಾಧಾನವೂ ಸಿಗುತ್ತದೆ.

ಸ್ಕೇಟ್‌ಬೋರ್ಡ್ ನೋಡದವರಿಗೆ ಹೇಳಿಬಿಡುತ್ತೇನೆ. ತೋಳುದ್ದದ ಒಂದು ಹಲಗೆ, ಅದರ ಅಡಿಗೆ ಮುಂದೆ ಎರಡು, ಹಿಂದೆ ಎರಡು ಗಾಲಿ. ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದರಿಂದ ನೆಲ ಒದ್ದು, ಓಟ ಬಂದ ಮೇಲೆ ಎರಡೂ ಕಾಲು ಮೇಲಿಟ್ಟು ನಿಂತುಬಿಡುವುದು. ನಮ್ಮ ಓಣಿಯಲ್ಲಿ ಅದಕ್ಕೆ ಗಾಲಿ ಹಲಗಿ ಎಂದೇ ಹೆಸರು. ಗಾಲಿಯ ಅಚ್ಚನ್ನು ಹಲಗೆಗೆ ಹಿಡಿದಿಡಲು ಮುಂದೊಂದು ಹಿಂದೊಂದು ಲೋಹದ ಹಿಡಿಕೆ ಇರುತ್ತದೆ. ನಾನು ಹೇಳಹೊರಟ ಸಂಗತಿಯೆಲ್ಲ ಆ ಮುಷ್ಟಿಯಷ್ಟು ಲೋಹದ್ದು.

ನನ್ನ ಹತ್ತಿರ ಇರುವ ಒಂದು ಬೋರ್ಡಿನ ಮೇಲೆ ಹದ್ದಿನ ಚಿತ್ರವಿದೆ. ಬರೆದವನು ಹದ್ದನ್ನು ನೋಡಿಲ್ಲ, ಕಾವಿಗೆ ಕೂತ ಕೋಳಿಯನ್ನು ನೋಡಿದ್ದಾನೆ. ಇನ್ನೊಂದಕ್ಕೆ ಕಾಲು ಜಾರದಿರಲಿ ಎಂದು ಬಡಿಗರು ಕಟ್ಟಿಗೆ ಉಜ್ಜುವ ಉಸುಕಿನ ಕಾಗದವನ್ನೇ ಅಂಟಿಸಿದ್ದಾರೆ, ಬೆರಳು ತಾಗಿದರೆ ಸಿಪ್ಪೆಯ ಹಾಗೆ ಏಳುತ್ತದೆ. ಒಳ್ಳೆಯ ಬೋರ್ಡನ್ನು ಏಳು ಪದರ ತೆಳು ಹಲಗೆ ಒತ್ತಿ ಮಾಡುತ್ತಾರೆ, ಅಂಚಿನಲ್ಲಿ ಆ ಪದರಗಳ ಗೆರೆ ಕಾಣುತ್ತವೆ. ನನ್ನ ಹತ್ತಿರದ ಒಂದಕ್ಕೆ ಅಂಚಿನ ತುಂಬ ಬ್ರಶ್ಶಿನಿಂದ ಏಳು ಗೆರೆ ಎಳೆದಿದ್ದಾರೆ. ಒಳಗೆ ಬರೀ ಹೊಟ್ಟು. ಆ ಏಳು ಗೆರೆ ಎಳೆದವನ ಮೇಲೆ ನನಗಿರುವ ಸಿಟ್ಟನ್ನು ಏನೆಂದು ಹೇಳಲಿ! ಅಷ್ಟು ತಾಳ್ಮೆಯಿಂದ, ಅಷ್ಟು ನೆಟ್ಟಗೆ ಎಳೆದಿದ್ದಾನೆ. ಅದೇ ತಾಳ್ಮೆಯನ್ನು ಒಂದು ಗಟ್ಟಿ ಹಲಗೆ ಮಾಡುವುದಕ್ಕೆ ಬಳಸಲು ಅವನಿಗೇನು ರೋಗ ಬಂದಿತ್ತು?

ನನ್ನ ಗಂಡ ಸಮಾಧಾನದ ಮನುಷ್ಯ. ಅಟ್ಟ ತುಂಬಿದ ಮೇಲೆ ಒಂದು ದಿನ ಇಷ್ಟೇ ಅಂದರು: “ಮಂದಿ ಬಂಗಾರ ಕೂಡಿಸ್ತಾರ, ನೀ ಭಂಗಾರ ಕೂಡಿಸ್ತಿ.” ಭಂಗಾರ ಎಂದರೆ ನಮ್ಮಲ್ಲಿ ಗುಜರಿ. ನಾನೂ ನಕ್ಕೆ. ಆದರೆ ಅವರಿಗೂ ಪೂರ್ತಿ ಗೊತ್ತಿರಲಿಲ್ಲ, ಬೇರೆಯವರು ಪ್ರೀತಿಯಿಂದ ಕೂಡಿಡುವ ಹಾಗೆ ನಾನು ಸಿಟ್ಟಿನಿಂದ ಕೂಡಿಡುತ್ತಿದ್ದೇನೆ ಎಂದು. ನನಗೆ ಒಂದೇ ಒಂದು ಸಂಗತಿ ರುಜುವಾತು ಆಗಬೇಕಿತ್ತು. ಏಳನೇ ಇಯತ್ತೆಯಲ್ಲಿ ನಾನು ಬಿದ್ದದ್ದು ನನ್ನ ತಪ್ಪಿನಿಂದಲ್ಲ, ಅಷ್ಟೇ.

ನಾವು ಅಣ್ಣಿಗೇರಿಯವರು. ಅಬ್ಬಾ ಅಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಒಂದು ಅಡತಿ ಅಂಗಡಿಗೆ ತೂಕ ಮಾಡಲು ಹೋಗುತ್ತಿದ್ದರು. ಕಡಲೆ, ಹೆಸರು, ಒಣಮೆಣಸಿನಕಾಯಿ ಬಂದ ದಿನ ಅವರ ಸುತ್ತ ಮಂದಿಯೋ ಮಂದಿ. ಕಡಲೆಯನ್ನು ಬೊಗಸೆಯಲ್ಲಿ ಎತ್ತಿ ಒಮ್ಮೆ ಮೇಲೆ ಕೆಳಗೆ ಆಡಿಸಿದರೆ ಅದರಲ್ಲಿ ಹಸಿ ಎಷ್ಟು, ಮಣ್ಣು ಎಷ್ಟು ಎಂದು ಹೇಳುತ್ತಿದ್ದರು. ಅವರ ಕೈಯನ್ನು ಯಾರೂ ಎರಡನೇ ಸಲ ಪರೀಕ್ಷೆ ಮಾಡುತ್ತಿರಲಿಲ್ಲ. ಆ ಕೈಯ ಬಗ್ಗೆ ನನಗೂ ಬಹಳ ಹೆಮ್ಮೆ ಇತ್ತು.

ಮನೆಯಲ್ಲಿ ನಮಗೆ ಎರಡು ಭಾಷೆ. ಮುದ್ದು, ದುವಾ, ಊಟಕ್ಕೆ ಕರೆಯುವುದು ಉರ್ದುವಿನಲ್ಲಿ. ವ್ಯಾಪಾರ, ಲೆಕ್ಕ, ಬೈಗಳು ಕನ್ನಡದಲ್ಲಿ. ಅಬ್ಬಾ ಕನ್ನಡದಲ್ಲಿ ಶುರು ಮಾಡಿದರೆಂದರೆ ನಾನೂ ನನ್ನ ತಮ್ಮನೂ ಹಿತ್ತಲ ಬಾಗಿಲು ಎಲ್ಲಿದೆ ಎಂದು ನೋಡುತ್ತಿದ್ದೆವು. ನನ್ನ ಸಿಟ್ಟೂ ಕನ್ನಡದ್ದೇ, ಹಾಗಾಗಿ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬಾಜು ಮನೆಯ ಟಿವಿಯಲ್ಲಿ ಒಂದು ಹುಡುಗಿ ಗಾಲಿ ಹಲಗೆಯ ಮೇಲೆ ನಿಂತು ಇಳಿಜಾರಿನಲ್ಲಿ ಹೋಗುವುದನ್ನು ಒಮ್ಮೆ ನೋಡಿದ್ದೆ. ಕೂದಲು ಹಿಂದಕ್ಕೆ ಹಾರುತ್ತಿತ್ತು, ಕೈ ಎರಡೂ ಅಗಲ. ಅವತ್ತಿನಿಂದ ನನಗೆ ಬೇರೆ ಏನೂ ಬೇಡವಾಯಿತು. ಉಪವಾಸದ ತಿಂಗಳು ಪೂರ್ತಿ ಅಬ್ಬಾನ ಬೆನ್ನು ಹತ್ತಿದೆ. ಹಬ್ಬದ ಬಟ್ಟೆ ತರಲು ಹುಬ್ಬಳ್ಳಿಗೆ ಹೋದವರು ವಾಪಸು ಬರುವಾಗ ಕಂಕುಳಲ್ಲಿ ಒಂದು ಉದ್ದದ ಪೆಟ್ಟಿಗೆ ಇಟ್ಟುಕೊಂಡು ಬಂದರು. ನೇರಳೆ ಬಣ್ಣದ ಹಲಗೆ, ಹಳದಿ ಗಾಲಿ. ಅಡಿಯಲ್ಲಿ ಹೊಳೆಹೊಳೆಯುವ ಬೆಳ್ಳಿ ಬಣ್ಣದ ಹಿಡಿಕೆ. ಅಮ್ಮಿ ಮೂಗು ಮುರಿದರು. ನಾನು ಅಬ್ಬಾನನ್ನು ತಬ್ಬಿಕೊಂಡೆ.

ಅಣ್ಣಿಗೇರಿಯ ರಸ್ತೆ ಎತ್ತಿನ ಗಾಡಿಗೇ ಸರಿಯಿರಲಿಲ್ಲ, ಹಲಗೆಗೆ ಎಲ್ಲಿಂದ ಸರಿಯಾಗಬೇಕು? ಆದರೆ ಯಾರ್ಡಿನಲ್ಲಿ ಕಾಳು ಸುರುವುವುದಕ್ಕೆ ಉದ್ದದ ಸಿಮೆಂಟ್ ಕಟ್ಟೆಗಳಿದ್ದವು, ಮೇಲೆ ತಗಡಿನ ಮಾಡು. ವರ್ಷಗಟ್ಟಲೆ ಕಾಳು ಉರುಳಿ ಉರುಳಿ ನೆಲ ನುಣುಪಾಗಿತ್ತು. ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗುತ್ತಿದ್ದೆ. ಮೊದಲ ದಿನ ಕುಂಡಿ ಊರಿ ಬಿದ್ದೆ. ಮೂರನೇ ದಿನ ನಿಂತೆ. ಐದನೇ ದಿನ ಕಟ್ಟೆಯ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿಸಿಕೊಂಡು ಬಂದೆ. ಹಮಾಲರು ಚೀಲದ ಮೇಲೆ ಕೂತು ಬೀಡಿ ಸೇದುತ್ತ ನೋಡುತ್ತಿದ್ದರು. “ಸರೀರ್ಯೋ, ಮೇಲ್ ಗಾಡಿ ಬಂತು!” ಎಂದು ಒಬ್ಬರಿಗೊಬ್ಬರು ಹೇಳಿ ಚೀಲ ಸರಿಸಿ ದಾರಿ ಬಿಡುತ್ತಿದ್ದರು. ನನಗೆ ಬರುತ್ತಿತ್ತು. ಇನ್ನೊಮ್ಮೆ ಹೇಳುತ್ತೇನೆ, ಯಾಕೆಂದರೆ ಈ ಮಾತನ್ನು ನನ್ನ ಮನೆಯಲ್ಲಿ ಯಾರೂ ನಂಬಲಿಲ್ಲ. ನನಗೆ ಚೆನ್ನಾಗಿ ಬರುತ್ತಿತ್ತು.

ಒಂಬತ್ತನೇ ದಿನ ಕಟ್ಟೆಯ ನಡುಮಧ್ಯದಲ್ಲಿ, ಎದುರಿಗೆ ಕಲ್ಲಿಲ್ಲ, ಚೀಲವಿಲ್ಲ, ನೀರಿಲ್ಲ, ಟಕ್ ಎಂದು ಸದ್ದಾಯಿತು. ಮುಂದಿನ ಹಿಡಿಕೆ ಎರಡು ಹೋಳಾಗಿ, ಹಲಗೆಯ ಮೂತಿ ನೆಲಕ್ಕೆ ಹೊಡೆದು, ನಾನು ಕಟ್ಟೆಯಿಂದ ಕೆಳಗೆ ಎಡ ಮೊಣಕೈ ಮೇಲೆ ಬಿದ್ದೆ. ನೋವಿಗಿಂತ ಮೊದಲು ನಾನು ನೋಡಿದ್ದು ಪಕ್ಕದಲ್ಲಿ ಬಿದ್ದಿದ್ದ ಆ ಚೂರನ್ನು. ಮೇಲೆ ಬೆಳ್ಳಿಯ ಹೊಳಪು, ಮುರಿದ ಮುಖದಲ್ಲಿ ಕಲ್ಲುಪ್ಪಿನಂಥ ಬೂದು ಹರಳು. ಬಲಗೈಯಲ್ಲಿ ಅದನ್ನು ಹಿಡಿದುಕೊಂಡೇ ಮನೆಗೆ ಬಂದೆ.

ಎಲುಬು ಕಟ್ಟುವವರು ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿ ಕಳಿಸಿದರು. ಮೂರು ದಿನ ಕಳೆದ ಮೇಲೆ ಅಬ್ಬಾ ಮುರಿದ ಬೋರ್ಡನ್ನು ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಗದಗ ರಸ್ತೆಯ ವೆಲ್ಡಿಂಗ್ ಅಂಗಡಿಗೆ ಹೋದರು. ಕೈ ಮುರಿದರೂ ನನಗೆ ಇದ್ದ ಆಸೆ ಒಂದೇ, ಬೋರ್ಡ್ ರಿಪೇರಿ ಆಗಲಿ ಎಂದು. ವೆಲ್ಡಿಂಗ್‌ನವನು ಕಪ್ಪು ಕನ್ನಡಕ ಹಣೆಗೆ ಏರಿಸಿಕೊಂಡು ಎರಡೂ ಹೋಳು ತಿರುಗಿಸಿ ನೋಡಿದ. ಒಂದು ಸಲ ಉಗುರಿನಿಂದ ಕೆರೆದ. ಮೂಗಿನಲ್ಲೇ ನಕ್ಕ.

“ಇದಕ್ಕ ವೆಲ್ಡಿಂಗ್ ಹಿಡಿಯಂಗಿಲ್ರಿ ಸಾಹೇಬ್ರ,” ಅಂದ. “ಬರೇ ಮಜಾಕ್ ಐತಿ ಇದು.”

ನಮ್ಮ ಮನೆಯ ಮಾತಿನಲ್ಲಿ ಮಜಾಕ್ ಎಂದರೆ ತಮಾಷೆ. ಊರಿನ ಕನ್ನಡದಲ್ಲೂ ಅದೇ. ಬೇರೆ ಅರ್ಥ ಇರಬಹುದೆಂದು ಹನ್ನೆರಡು ವರ್ಷದ ಹುಡುಗಿಗೆ ಹೇಗೆ ಹೊಳೆಯಬೇಕು? ನನ್ನ ಕಿವಿ ಬಿಸಿಯಾಯಿತು. ಕೊರಳಿಗೆ ಕೈ ಜೋತು ಹಾಕಿಕೊಂಡು ನಿಂತ ನನ್ನನ್ನು ನೋಡಿಯೇ ಅವನು ತಮಾಷೆ ಅಂದ ಎಂದು ತಿಳಿದೆ. ಅಬ್ಬಾ ಹೋಳುಗಳನ್ನು ಅಲ್ಲೇ ಬಿಟ್ಟು ಹೊರಬಿದ್ದರು. ನಾಲ್ಕು ಹೆಜ್ಜೆ ನಡೆದ ಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಶುರು ಮಾಡಿದರು.

“ಕೇಳಿದಿ ಇಲ್ಲ ಬೇ? ವೆಲ್ಡಿಂಗ್‌ದಾಂವ ಸುದ್ದಾ ಮಜಾಕ್ ಅನ್ನಾಕತ್ತಾನ. ಮಂದಿ ಮುಂದ ಹಾರ್‍ಯಾಡಿ, ಮಜಾಕ್ ಮಾಡಾಕ ಹೋಗಿ ಕೈ ಮುರಕೊಂಡಿ. ಇನ್ನ ಮ್ಯಾಲ ಗಾಲಿ ಇದ್ದದ್ದು ಯಾವದೂ ಮುಟ್ಟಬ್ಯಾಡ.”

ಆ ಒಂದು ಮಾತು ನಮ್ಮ ಮನೆಯ ಶಾಸನವಾಯಿತು. ಹೈಸ್ಕೂಲು ಊರಿನ ಇನ್ನೊಂದು ತುದಿಗಿತ್ತು. ಓಣಿಯ ಹುಡುಗಿಯರು ಸೈಕಲ್ ಹೊಡೆದುಕೊಂಡು ಹೋದರು. ನಾನು ಬ್ಯಾಗು ಹೊತ್ತು ನಡೆದೆ. ತಮ್ಮ ಸೈಕಲ್ ಮೇಲೆ ನನ್ನನ್ನು ಹಿಂದೆ ಹಾಕಿಹೋಗುವಾಗ ಗಂಟೆ ಬಾರಿಸಿ “ಮಜಾಕ್, ಮಜಾಕ್!” ಎಂದು ಕೂಗುತ್ತಿದ್ದ. ಮೊಣಕೈ ಪೂರ್ತಿ ನೆಟ್ಟಗಾಗಲಿಲ್ಲ. ಗಂಡಿನ ಕಡೆಯವರು ನೋಡಲು ಬಂದಾಗ ಚಹಾದ ತಾಟು ಹಿಡಿದ ನನ್ನ ಕೈಯನ್ನು ಯಾರೋ ದಿಟ್ಟಿಸಿದರು. ಅಬ್ಬಾನ ಅಕ್ಕ, ನಮ್ಮ ಫುಪ್ಪು, ನಗುನಗುತ್ತ ಹೇಳಿಬಿಟ್ಟರು: “ಹುಟ್ಟಾ ಹಂಗಿಲ್ರಿ. ಸಣ್ಣಾಕಿದ್ದಾಗ ಮಜಾಕ್ ಮಾಡಾಕ ಹೋಗಿ ಮುರಕೊಂಡಾಳ.” ಆ ಸಂಬಂಧ ಮುಂದುವರಿಯಲಿಲ್ಲ. ಎರಡನೇ ಸಂಬಂಧ ಬಂದಾಗಲೂ ಫುಪ್ಪು ಅದನ್ನೇ ಹೇಳಿದರು, ಅದೂ ತಪ್ಪಿತು. ಅವರ ಪ್ರಕಾರ ಅದು ನನ್ನ ಪರವಾದ ಮಾತು.

ಮುಂದೆ ನಾನು ಟೀಚರ್ ಆದೆ. ಮಿಶ್ರಿಕೋಟಿ ಹತ್ತಿರದ ಒಂದು ಸಣ್ಣ ಊರಿನ ಶಾಲೆ, ಮನೆ ಕಲಘಟಗಿಯಲ್ಲಿ. ಜೊತೆಯ ಅಕ್ಕೋರೆಲ್ಲ ಸ್ಕೂಟಿಯ ಮೇಲೆ ಸೆರಗು ಸಿಕ್ಕಿಸಿಕೊಂಡು ಭರ್ರನೆ ಬಂದು ಭರ್ರನೆ ಹೋಗುತ್ತಾರೆ. ನಾನು ಬಸ್ಸು ಕಾಯುತ್ತೇನೆ. ಮದುವೆಯಾದ ಹೊಸದರಲ್ಲಿ ಗಂಡ ಸ್ಕೂಟರ್ ಕಲಿಸಲು ನೋಡಿದರು. ಹ್ಯಾಂಡಲ್ ಹಿಡಿದ ತಕ್ಷಣ ನನ್ನ ಮೈ ಕಟ್ಟಿಗೆಯಾಯಿತು. ನಾನು ಬೀಳುವವಳು ಎನ್ನುವುದನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ನಾನೇ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕಲಘಟಗಿಯಲ್ಲಿ ನಾನು ಬಸ್ಸಿಗೆ ನಿಲ್ಲುವ ಜಾಗದ ಎದುರಿಗೆ ಒಂದು ಗುಜರಿ ಅಂಗಡಿ ಇದೆ. ವರ್ಷಗಟ್ಟಲೆ ನೋಡಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಬೆಳಿಗ್ಗೆ ಮುರುಕು ಕುರ್ಚಿಗಳ ನಡುವಿನಿಂದ ಹಳದಿ ಗಾಲಿ ಎರಡು ಕಂಡವು. ರಸ್ತೆ ದಾಟಿ ಹೋಗಿ ಎಳೆದು ತೆಗೆದೆ. ನೇರಳೆ ಹಲಗೆ. ಮುಂದಿನ ಹಿಡಿಕೆ ಎರಡು ಹೋಳು. ಮುರಿದ ಮುಖದಲ್ಲಿ ಅದೇ ಬೂದು ಹರಳು, ನನ್ನದು ಎಲ್ಲಿ ಮುರಿದಿತ್ತೋ ಅಲ್ಲೇ. ಬಸ್ಸು ಬಂತು, ಹೋಯಿತು. ನಾನು ಅದನ್ನು ಹಿಡಿದುಕೊಂಡು ನಿಂತೇ ಇದ್ದೆ. ಇದರ ಮೇಲೆ ಯಾರು ಬಿದ್ದರೋ, ಅವರಿಗೆ ಮನೆಯಲ್ಲಿ ಏನೆಂದರೋ!

ಹಾಗೆ ಶುರುವಾಯಿತು. ಗುಜರಿ ಅಂಗಡಿಯವರು ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಹಿರಿಯರು, ನಾನು ಕಾಕಾ ಎನ್ನುತ್ತೇನೆ. ಹುಬ್ಬಳ್ಳಿ ಕಡೆಯ ದೊಡ್ಡ ಗುಜರಿಗಳಿಂದ ಬಂದ ಮಾಲಿನಲ್ಲಿ ಇಂಥದ್ದು ಕಂಡರೆ ತೆಗೆದಿಡಿ ಎಂದು ಅವರಿಗೆ ಹೇಳಿಟ್ಟೆ. ಶಾಲೆಯ ಊರಿನಲ್ಲೂ ಹೇಳಿದೆ. “ಹಳೀ ಹಲಗಿ ಇದ್ರ ಅಕ್ಕೋರಿಗೆ ಬೇಕಂತ” ಎಂದು ಸುದ್ದಿ ಹಬ್ಬಿ, ಒಬ್ಬರು ಹೋಳಿ ಹುಣ್ಣಿವೆಗೆ ಬಾರಿಸುವ ಚರ್ಮದ ಹಲಗಿಯನ್ನೇ ಬಿಸಿಲಿಗೆ ಕಾಸಿ, ಹದ ಮಾಡಿ, ಶಾಲೆಗೆ ತಂದು ಕೊಟ್ಟರು. ಅದನ್ನು ವಾಪಸು ಕೊಡುವುದಕ್ಕೆ ಎರಡು ಸಲ ಚಹಾ ಕುಡಿಯಬೇಕಾಯಿತು.

ಬೋರ್ಡ್ ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರ್ ಬಿಡುತ್ತಾನೆಯೇ? “ಅಲ್ರಿ ಅಕ್ಕೋರ, ಗಾಲಿ ನಿಮ್ಮ ಕೈಯಾಗನ ಐತಿ. ಮತ್ತ ನಮ್ಮ ಬಸ್ಸಿಗೆ ಯಾಕ ಬರ್ತೀರಿ?” ಬಸ್ಸಿಗೆ ಬಸ್ಸೇ ನಕ್ಕಿತು. ನಾನು ನಗಲಿಲ್ಲ.

ಬೋರ್ಡುಗಳು ಹೆಚ್ಚಿದ ಹಾಗೆ ನನಗೆ ಗೊತ್ತಾದದ್ದು ಇಷ್ಟು: ಮೂವತ್ತೊಂದರಲ್ಲಿ ಹತ್ತೊಂಬತ್ತು ಒಂದೇ ಜಾಗದಲ್ಲಿ ಮುರಿದಿವೆ. ಹತ್ತೊಂಬತ್ತು ಮಂದಿಯೂ ಹಾರಾಡಿ ಬಿದ್ದರೇ? ನನಗೆ ಸಾಕ್ಷಿ ಸಿಕ್ಕ ಹಾಗೇ ಇತ್ತು. ಆದರೆ ಆ ವೆಲ್ಡಿಂಗ್‌ನವನ ಮಾತು ಅಡ್ಡ ನಿಂತಿತ್ತು. ಕಬ್ಬಿಣ ಬಲ್ಲವನು, ಮುರಿದದ್ದನ್ನು ಕೈಯಲ್ಲಿ ಹಿಡಿದು ನೋಡಿದವನು, ನನ್ನ ಎದುರಿಗೇ ಮಜಾಕ್ ಅಂದನಲ್ಲ! ಅವನಿಗೆ ಕಾಣದ ತಪ್ಪು ನನಗೆ ಕಾಣುತ್ತದೆ ಎಂದರೆ ಯಾರು ನಂಬಬೇಕು?

ಈ ನಡುವೆ ನನ್ನ ಗಂಡ ಅಟ್ಟದ ಫೋಟೋವನ್ನು ಯಾರಿಗೋ ಕಳಿಸಿ, ಅದು ಎಲ್ಲೆಲ್ಲಿಗೋ ಹೋಗಿ, ಬೆಂಗಳೂರಿನಿಂದ ಒಬ್ಬ ತರುಣ ಕಾರು ತೆಗೆದುಕೊಂಡು ಬಂದ. ಅವನೂ ಹಳೆಯ ಬೋರ್ಡ್ ಕೂಡಿಡುವವನೇ, ಆದರೆ ಅಸಲಿ. ಅಟ್ಟ ಹತ್ತಿದವನು ಒಂದೊಂದನ್ನೇ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ಮೇಡಂ, ಈ ಹದ್ದು ನೋಡಿ! ಸಖತ್ ಕಾಮಿಡಿ. ಅಷ್ಟನ್ನೂ ನನಗೆ ಕೊಡಿ, ಒಂದು ಗೋಡೆ ತುಂಬ ಹಾಕ್ತೀನಿ. ಬಂದವರೆಲ್ಲ ನಗಬೇಕು.”

“ಕೆಳಗ ಇಳೀರಿ,” ಅಂದೆ.

“ಏನಾಯ್ತು ಮೇಡಂ?”

“ಇವುಗಳ ಮ್ಯಾಲಿಂದ ಬಿದ್ದವರು ಯಾರೂ ನಕ್ಕಿಲ್ಲ. ಚಹಾ ಆಗೇತಿ, ಕುಡದು ಹೋಗ್ರಿ. ಆದ್ರ ಹೋಗ್ರಿ.”

ಪಾಪ, ಅವನು ಚಹಾ ಕುಡಿದು ಹೋದ. ಬೋರ್ಡ್ ನೋಡಿ ನಗುವ ಮಂದಿ ನನಗೆ ಸಾಕಾಗಿಹೋಗಿದ್ದರು.

ಅದಾಗಿ ಎರಡು ವಾರಕ್ಕೆ ಗುಜರಿ ಕಾಕಾ ಅಂಗಡಿಗೆ ಹೋದಾಗ ಅವರು ಒಂದು ಬೋರ್ಡನ್ನು ಆಗಲೇ ಬಿಚ್ಚಿ ಹಾಕಿದ್ದರು. ಹಲಗೆ ಒಂದು ಕಡೆ, ಗಾಲಿ ಒಂದು ಕಡೆ. ಹಿಡಿಕೆಯನ್ನು ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಯಾವುದಕ್ಕೂ ಸೇರದ ಬೇರೆಯದೇ ಒಂದು ರಾಶಿಗೆ ಎಸೆದರು. ನನಗೆ ಸಿಟ್ಟು ಬಂತು.

“ಯಾಕ ಬಿಚ್ಚಿದ್ರಿ ಕಾಕಾ? ತೆಗದಿಡ್ರಿ ಅಂತ ಹೇಳಿದ್ನಿಲ್ಲ?”

“ಇದರಾಗ ಏನೈತ್ರಿ ಅಕ್ಕೋರ ತೆಗದಿಡೂ ಹಂತಾದ್ದು? ನಾ ಅಲ್ಯುಮಿನಿ ಅಂತ ತಗೊಂಡೆ. ನೋಡಿದ್ರ ಮಜಾಕ್.”

ಆ ಪದ ಕಿವಿಗೆ ಬಿದ್ದದ್ದೇ ತಡ ನನ್ನ ತಲೆ ಕೆಟ್ಟಿತು. ಅಷ್ಟು ಹಿರಿಯರು ಎನ್ನುವುದನ್ನೂ ನೋಡಲಿಲ್ಲ. “ಎಲ್ಲಾರ್ದೂ ಒಂದ ಮಾತು! ಏನೈತಿ ಇದರಾಗ ಮಜಾಕ್? ಮಂದಿ ಕೈ ಕಾಲು ಮುರದ್ರ ನಿಮಗ ಮಜಾಕ್ ಏನ್ರಿ?” ಎಂದು ಅಂಗಡಿಯ ಮುಂದೆಯೇ ಒದರಿದೆ. ಬಸ್ಸಿಗೆ ನಿಂತವರು ತಿರುಗಿ ನೋಡಿದರು.

ಕಾಕಾ ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. ರಾಶಿಯಿಂದ ಆ ಹಿಡಿಕೆ, ಒಂದು ಬಾಗಿಲ ಚಿಲಕ, ಒಂದು ನಳದ ಕಿವಿ ತೆಗೆದು ಸಾಲಾಗಿ ಇಟ್ಟರು.

“ನಾ ಮಜಾಕ್ ಮಾಡಾಕತ್ತಿಲ್ರಿ ಯವ್ವಾ. ಮಜಾಕ್ ಅಂದ್ರ ಧಾತು. ಸತು ಕರಗಿಸಿ ಎರಕ ಹೊಯ್ತಾರ. ನೋಡಾಕ ಅಲ್ಯುಮಿನಿ ಹಂಗ ಇರ್ತೈತಿ, ಆದ್ರ ಕೈಯಾಗ ಹಿಡದ್ರ ಜಡ, ಭಾರ ಬರ್ತೈತಿ. ಬಗ್ಗೂದಿಲ್ಲ, ಒಮ್ಮಿಗೇ ಮುರೀತೈತಿ. ವೆಲ್ಡಿಂಗ್ ಹಚ್ಚಿದ್ರ ಕರಗಿ ಹೋಗ್ತೈತಿ. ಇದು ಭಾರ ಹೊರೂ ಜಾಗಾಕ್ಕ ಹಾಕೂ ಮಾಲ ಅಲ್ಲ.” ಸುತ್ತಿಗೆಯಿಂದ ಹಿಡಿಕೆಗೆ ಒಂದು ಏಟು ಹಾಕಿದರು. ಟಕ್ ಎಂದು ಎರಡಾಯಿತು. ಬೂದು ಹರಳು.

ನಾನು ಅಲ್ಲೇ ರದ್ದಿ ಪೇಪರಿನ ಗಂಟಿನ ಮೇಲೆ ಕೂತೆ. ಇಪ್ಪತ್ತೆಂಟು ವರ್ಷ! ಆ ವೆಲ್ಡಿಂಗ್‌ನವನು ನನ್ನನ್ನು ನೋಡಿ ಏನೂ ಅಂದಿರಲಿಲ್ಲ. ತಪ್ಪು ಬೋರ್ಡಿನದು ಎಂದೇ ಅಂದಿದ್ದ, ಅಗದಿ ಸ್ಪಷ್ಟವಾಗಿ, ಅವನ ಧಂದೆಯ ಮಾತಿನಲ್ಲಿ. ನಾನು ನನ್ನ ಮನೆಯ ಮಾತಿನಲ್ಲಿ ಕೇಳಿಸಿಕೊಂಡಿದ್ದೆ. ಅಬ್ಬಾನೂ ಹಾಗೇ ಕೇಳಿಸಿಕೊಂಡಿದ್ದರು, ಪಾಪ. ಒಂದು ಪದ ತಪ್ಪಿ ಕೇಳಿದ್ದಕ್ಕೆ ನನ್ನ ಸೈಕಲ್ ಹೋಯಿತು, ಸ್ಕೂಟರ್ ಹೋಯಿತು, ಎರಡು ಸಂಬಂಧ ಹೋದವು. ಕಣ್ಣಲ್ಲಿ ನೀರು ಬಂತು, ಬೈಯೋಣವೆಂದರೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ. ಕಾಕಾ ಆ ಎರಡು ಹೋಳನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

ಭಾನುವಾರ ಅಣ್ಣಿಗೇರಿಗೆ ಹೋದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗಲೂ ಆ ಪೊಟ್ಟಣವನ್ನು ಕೈಯಿಂದ ಬಿಡಲಿಲ್ಲ. ಅಬ್ಬಾನ ಮೇಲಿನ ಸಿಟ್ಟು ದಾರಿಯಲ್ಲೇ ಇಳಿದುಹೋಗಿತ್ತು. ಅವರೂ ನನ್ನ ಹಾಗೆ ಮೋಸ ಹೋದವರು. ಈಗ ತಿಳಿದರೆ ಎಷ್ಟು ನೊಂದುಕೊಳ್ಳುತ್ತಾರೋ, ಹೇಗೆ ಹೇಳಲಿ ಎಂದೇ ಯೋಚಿಸುತ್ತಿದ್ದೆ.

ಅಬ್ಬಾ ಅಂಗಳದ ಮಂಚದ ಮೇಲೆ ಕೂತಿದ್ದರು. ತೂಕ ಬಿಟ್ಟು ಬಹಳ ವರ್ಷವಾಗಿದೆ. ಅಮ್ಮಿ ಬಾಗಿಲಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದರು. ನಾನು ನೀರು ಕೂಡ ಕುಡಿಯದೆ ಪೊಟ್ಟಣ ಬಿಚ್ಚಿ ಎರಡೂ ಹೋಳನ್ನು ಅಬ್ಬಾನ ಅಂಗೈಯಲ್ಲಿಟ್ಟೆ.

“ಅಬ್ಬಾ, ವೆಲ್ಡಿಂಗ್‌ದಾಂವ ಅವತ್ತ ಮಜಾಕ್ ಅಂದ್ನಲ್ಲ, ಅದು ತಮಾಷಿ ಅಲ್ರಿ! ಈ ಧಾತುವಿನ ಹೆಸರ ಮಜಾಕ್. ಅಂವ ಬೋರ್ಡಿಗೆ ಅಂದಿದ್ದ. ನಾವಿಬ್ರೂ ತಪ್ಪ ತಿಳಕೊಂಡ್ವಿ.”

ಅಬ್ಬಾ ಕೈಯನ್ನು ಮೇಲೆ ಕೆಳಗೆ ಎರಡು ಸಲ ಆಡಿಸಿದರು.

“ನಾ ತಪ್ಪ ತಿಳಕೊಂಡಿದ್ದಿಲ್ಲ,” ಅಂದರು.

“ಅಂದ್ರ?”

“ಯಾರ್ಡಿಗೆ ಮಜಾಕ್‌ದ ತಕ್ಕಡಿ ಕೊಕ್ಕಿ ಬಂದ್ರ ನಾವು ತಿರಗಿ ಕಳಸತಿದ್ವಿ. ಅಂವ ಏನಂದ ಅನ್ನೂದು ನನಗ ತಿಳದಿತ್ತು. ನೀ ಬ್ಯಾರೆ ತಿಳಕೊಂಡಿ ಅನ್ನೂದು ನಿನ್ನ ಮಾರಿ ಮ್ಯಾಲ ಕಾಣಸ್ತು. ನಾ ಹಂಗ ಬಿಟ್ಟೆ.”

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೂ ಅವರ ಪರವಾಗಿ ನಾನೇ ಒಂದು ಕಾರಣ ಹುಡುಕಿದೆ. ತೂಕದವನೇ ಖೊಟ್ಟಿ ಮಾಲಿಗೆ ಮೋಸ ಹೋದ ಎಂದು ಯಾರ್ಡಿನಲ್ಲಿ ನಗುತ್ತಾರೆ ಎಂದು ಹೆದರಿರಬೇಕು. “ಮೋಸ ಹೋಗೂದು ನಾಚಿಗಿ ಏನಲ್ರಿ ಅಬ್ಬಾ,” ಅಂದೆ. “ಅಂಗಡಿಯಾಂವ ಸುಳ್ಳ ಹೇಳಿ ಕೊಟ್ಟಿರ್ತಾನ.”

ಅಬ್ಬಾ ತಲೆ ಅಲ್ಲಾಡಿಸಿದರು. “ಅಂವ ಅಲ್ಯುಮಿನಿ ಅಂತ ಹೇಳಿದ. ಕೈಯಾಗ ಹಿಡದೆ, ಜಡ ಆತು. ಅಲ್ಯುಮಿನಿ ಅಷ್ಟ ಜಡ ಇರಂಗಿಲ್ಲ. ಬಾಜೂಕ ಇನ್ನೊಂದ ಚಲೋದಿತ್ತು, ಅದನ್ನೂ ಹಿಡದ ನೋಡಿದೆ.” ನನ್ನ ಕಡೆ ನೋಡದೆ ಹೇಳಿದರು: “ಹೆಣ್ಣ ಹುಡಗಿ, ನಾಕ ದಿನ ಆಡಿ ಬಿಡ್ತಾಳ, ಇಷ್ಟ ಸಾಕು ಅಂದೆ.”

ಅಮ್ಮಿಯ ಕೈ ನಿಂತಿತು. ಏಳು ಗೆರೆ ಎಳೆದವನನ್ನು, ಹದ್ದಿನ ಬದಲು ಕೋಳಿ ಬರೆದವನನ್ನು, ಮುಖ ನೋಡದ ಕಾರಖಾನೆಯವರನ್ನು ನಾನು ಇಷ್ಟು ವರ್ಷ ಬೈದದ್ದೇ ಬೈದದ್ದು. ಅವರಿಗೆ ನನ್ನ ಗುರುತೂ ಇರಲಿಲ್ಲ. ಗುರುತಿದ್ದವರು ಎದುರಿಗೆ ಕೂತಿದ್ದರು. ಅಬ್ಬಾ ಉರ್ದುವಿನಲ್ಲಿ ಮಾಫಿ ಕೇಳಿದರು, ಬೇಟಾ ಎಂದರು, ನನ್ನ ಕೈ ಹಿಡಿಯಲು ಬಂದರು. ನಾನು ಕೈ ಕೊಡಲಿಲ್ಲ.

“ಮಾಫಿ ಇರ್ಲಿ,” ಅಂದೆ. “ಈಗ ಹೇಳಿದ್ರಲ್ಲ, ಅದನ್ನ ಇನ್ನೊಮ್ಮೆ ಹೇಳ್ರಿ. ಅಮ್ಮಿಗೆ ಕೇಳೂ ಹಂಗ ಹೇಳ್ರಿ.”

ಅವರು ಹೇಳಿದರು. ಅಮ್ಮಿ ಬಳ್ಳೊಳ್ಳಿಯ ಬುಟ್ಟಿ ನೋಡುತ್ತ ಕೇಳಿದರು. ನಾನು ಫೋನ್ ತೆಗೆದು ತಮ್ಮನ ನಂಬರ್ ಹಚ್ಚಿದೆ.

“ಅವಗ ಯಾಕ ಬೇ?” ಅಂದರು ಅಬ್ಬಾ. ದನಿ ಬಿದ್ದುಹೋಗಿತ್ತು.

“ಅಂವ ಗಂಟಿ ಬಾರಸಿದ್ದ.”

ತಮ್ಮ ಹಲೋ ಅಂದ. ಅಬ್ಬಾ ಎರಡೂ ಕೈಯಲ್ಲಿ ಫೋನ್ ಹಿಡಿದುಕೊಂಡು, ನಿಮ್ಮಕ್ಕ ತನ್ನ ತಪ್ಪಿಲೆ ಬಿದ್ದಿದ್ದಿಲ್ಲ, ನಾನ ಗೊತ್ತಿದ್ದೂ ಖೊಟ್ಟಿ ಬೋರ್ಡ್ ತಂದಿದ್ದೆ ಎಂದು ಶುರು ಮಾಡಿದರು. ಅಮ್ಮಿ ಸಾಕು ಬಿಡು ಎನ್ನುವ ಹಾಗೆ ನನ್ನ ಕಡೆ ನೋಡಿದರು. ನಾನು ಬಿಡಲಿಲ್ಲ. ಅವನದು ಮುಗಿದ ಮೇಲೆ ಫುಪ್ಪುಗೆ ಹಚ್ಚಿಕೊಟ್ಟೆ, ಎದುರಿಗೇ ಕೂತು ಅದನ್ನೂ ಪೂರ್ತಿ ಕೇಳಿಸಿಕೊಂಡೆ.